ರೇಡಾರ್‌ಗೆ ಕಾಣದ್ದನ್ನ ನೋಡೋರು: ಅಮೆರಿಕದ ಸ್ಟಾರ್ಮ್ ಸ್ಪಾಟರ್‌ಗಳಿಗೆ, ಫೋರ್‌ಕಾಸ್ಟರ್‌ಗಳಿಗೆ ಟ್ರೈನಿಂಗ್ ಹೇಗೆ ಕೊಡ್ತಾರೆ

ಅಮೆರಿಕದ ನಡುಭಾಗದಲ್ಲಿ ಏಪ್ರಿಲ್, ಮೇ ಬಂತು ಅಂದ್ರೆ ಟಾರ್ನೇಡೊ, ಅಂದ್ರೆ ಮೋಡದಿಂದ ನೆಲದವರೆಗೆ ತಿರುಗೋ ಭಾರಿ ಸುಂಟರಗಾಳಿಯ ಸೀಸನ್. ಟೆಕ್ಸಾಸ್, ಒಕ್ಲಹೋಮಾ, ಕಾನ್ಸಸ್ ಕಡೆ ಕೆಲಸಕ್ಕೋ ಓದೋಕೋ ಹೋಗಿರೋ ಕನ್ನಡದವರಿಗೆ ಮೊದಲ ವರ್ಷ ಇದರ ಅಂದಾಜೇ ಇರಲ್ಲ, ಒಂದು ಸಂಜೆ ಮನೇಲಿರೋ ಅಷ್ಟೂ ಫೋನು ಒಟ್ಟಿಗೆ ಕಿರುಚಿಕೊಂಡಾಗಲೇ ಗೊತ್ತಾಗೋದು. ಆಗ ಬರೋ ವಾರ್ನಿಂಗನ್ನ ಪೂರ್ತಿ ತೆಗೆದು ಓದಿದ್ರೆ ಅದರಲ್ಲಿ "ಸೋರ್ಸ್" ಅಂತ ಒಂದು ಸಾಲು ಸಿಗತ್ತೆ. ಒಂದೊಂದು ಸಲ ಅಲ್ಲಿ ರೇಡಾರ್‌ನಲ್ಲಿ ಗಾಳಿ ತಿರುಗ್ತಿರೋದು ಕಾಣ್ತಿದೆ ಅಂತ ಇರತ್ತೆ, ಒಂದೊಂದು ಸಲ ವೆದರ್ ಸ್ಪಾಟರ್‌ಗಳು ಟಾರ್ನೇಡೊ ಖಚಿತ ಮಾಡಿದಾರೆ ಅಂತ ಇರತ್ತೆ. ಎರಡನೇದು ಇದ್ರೆ ಮಿಷನ್ ಅಲ್ಲ, ಯಾರೋ ಮನುಷ್ಯರು ಕಣ್ಣಾರೆ ನೋಡಿ ಫೋನ್ ಮಾಡಿದಾರೆ ಅಂತ ಅರ್ಥ.

ಆ ಮನುಷ್ಯರು ಯಾರು, ಅವರ ಮಾತನ್ನ ಸರ್ಕಾರದ ಹವಾಮಾನ ಇಲಾಖೆ ಯಾಕೆ ನಂಬತ್ತೆ, ಅವರಿಗೆ ಏನು ಕಲಿಸ್ತಾರೆ, ಆಫೀಸಲ್ಲಿ ಕೂತು ಆ ಫೋನ್ ಎತ್ತೋ ಫೋರ್‌ಕಾಸ್ಟರ್ ಏನು ಕಲಿತಿರ್ತಾರೆ, ಇಷ್ಟನ್ನ ಬುಡದಿಂದ ನೋಡೋಣ.

ಮೊದಲು ಯಾರು ಯಾರು ಅಂತ ತಿಳ್ಕೊಳ್ಳೋಣ

ಅಮೆರಿಕದ ಸರ್ಕಾರಿ ಹವಾಮಾನ ಇಲಾಖೆ ಹೆಸರು ನ್ಯಾಷನಲ್ ವೆದರ್ ಸರ್ವಿಸ್. ದೇಶದ ತುಂಬ ಇದಕ್ಕೆ 122 ಲೋಕಲ್ ಫೋರ್‌ಕಾಸ್ಟ್ ಆಫೀಸುಗಳಿವೆ, ಒಂದೊಂದು ಆಫೀಸಿಗೂ ಇಷ್ಟು ಕೌಂಟಿ (ನಮ್ಮ ಜಿಲ್ಲೆ ತರ) ಅಂತ ಹಂಚಿರ್ತಾರೆ. ಅಲ್ಲಿ ಕೂತು ಮುನ್ಸೂಚನೆ ಬರೆಯೋರು, ವಾರ್ನಿಂಗ್ ಹೊರಡಿಸೋರು ಫೋರ್‌ಕಾಸ್ಟರ್‌ಗಳು. ಇವರು ಸಂಬಳದ ಮೇಲಿರೋ ಹವಾಮಾನ ತಜ್ಞರು, ಡಿಗ್ರಿ ಮಾಡಿಕೊಂಡು ಬಂದವರು.

ಸ್ಪಾಟರ್‌ಗಳು ಸ್ವಯಂಸೇವಕರು, ಇವರಿಗೆ ಸಂಬಳ ಇಲ್ಲ. ರೈತರು, ಟೀಚರ್‌ಗಳು, ಲಾರಿ ಓಡಿಸೋರು, ಫೈರ್ ಡಿಪಾರ್ಟ್‌ಮೆಂಟ್‌ನವರು, ಹ್ಯಾಮ್ ರೇಡಿಯೋ ಹವ್ಯಾಸದವರು, ರಿಟೈರ್ ಆದವರು ಎಲ್ಲ ಇದಾರೆ. ಇವರಿಗೆ ತರಬೇತಿ ಕೊಡೋ ಕಾರ್ಯಕ್ರಮದ ಹೆಸರು ಸ್ಕೈವಾರ್ನ್, ವೆದರ್ ಸರ್ವಿಸ್ ಹೇಳೋ ಪ್ರಕಾರ ದೇಶದಲ್ಲಿ ಹೀಗೆ ಟ್ರೈನಿಂಗ್ ಆದವರು ಮೂರೂವರೆಯಿಂದ ನಾಲ್ಕು ಲಕ್ಷ ಜನ ಇದಾರೆ.

ಇನ್ನೊಂದು ಜಾತಿ ಇದೆ, ಚೇಸರ್‌ಗಳು. ಇವರು ಬಿರುಗಾಳಿ ಹಿಂದೆ ನೂರಾರು ಮೈಲಿ ಕಾರು ಓಡಿಸೋರು, ಕೆಲವರು ಸಂಶೋಧನೆಗೆ, ಕೆಲವರು ವಿಡಿಯೋಗೆ, ಕೆಲವರು ಬರೀ ಹುಚ್ಚಿಗೆ. ಯೂಟ್ಯೂಬಲ್ಲಿ ನಾವು ನೋಡೋದು ಹೆಚ್ಚಾಗಿ ಇವರನ್ನೇ, ಅದಕ್ಕೇ ಸ್ಪಾಟರ್ ಅಂದ್ರೂ ಇವರೇ ಅನ್ಕೊಂಡುಬಿಡ್ತೀವಿ. ಸ್ಪಾಟರ್ ಸಾಮಾನ್ಯವಾಗಿ ತನ್ನ ಊರು ಬಿಟ್ಟು ಹೋಗಲ್ಲ, ಎಷ್ಟೋ ಜನ ಮನೆ ಜಗಲಿ ಮೇಲೆ ನಿಂತೇ ರಿಪೋರ್ಟ್ ಕೊಡ್ತಾರೆ.

ವಾಚ್ ಮತ್ತು ವಾರ್ನಿಂಗ್ ಅನ್ನೋ ಎರಡು ಪದ ಇಲ್ಲೇ ಹೇಳಿಬಿಡ್ತೀನಿ. ಟಾರ್ನೇಡೊ ಆಗೋ ವಾತಾವರಣ ಸಿದ್ಧವಾಗಿದೆ, ಮುಂದಿನ ಕೆಲವು ಗಂಟೆ ಹುಷಾರು ಅನ್ನೋದು ವಾಚ್, ಇದನ್ನ ಒಕ್ಲಹೋಮಾದ ನಾರ್ಮನ್‌ನಲ್ಲಿರೋ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಹೊರಡಿಸತ್ತೆ. ಟಾರ್ನೇಡೊ ಈಗ ಕಾಣ್ತಿದೆ ಅಥವಾ ರೇಡಾರ್‌ನಲ್ಲಿ ಸುಳಿವು ಸಿಕ್ಕಿದೆ, ತಕ್ಷಣ ಒಳಗೆ ಹೋಗಿ ಅನ್ನೋದು ವಾರ್ನಿಂಗ್, ಇದು ಲೋಕಲ್ ಆಫೀಸಿಂದ ಬರತ್ತೆ. ಸ್ಪಾಟರ್‌ಗಳ ಕೆಲಸ ಈ ಎರಡರ ನಡುವಿನ ಹೊತ್ತಲ್ಲಿ ಶುರುವಾಗತ್ತೆ.

ಇಷ್ಟೊಂದು ರೇಡಾರ್ ಇದ್ಮೇಲೂ ಕಣ್ಣು ಯಾಕೆ ಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಟ್ರೈನಿಂಗಲ್ಲಿ ಬರೋ ಮಿಕ್ಕಿದ್ದೆಲ್ಲ ಯಾಕಿದೆ ಅಂತ ತಾನಾಗೇ ಹೊಳೆಯತ್ತೆ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಅಮೆರಿಕದಲ್ಲಿ ನೆಕ್ಸ್‌ರಾಡ್ ಅನ್ನೋ ಡಾಪ್ಲರ್ ರೇಡಾರ್ ಜಾಲ ಇದೆ, ಸುಮಾರು 160 ರೇಡಾರ್‌ಗಳು. ಪ್ರತಿ ರೇಡಾರೂ ಸುತ್ತ ತಿರುಗ್ತಾ ಅಲೆಗಳನ್ನ ಕಳಿಸತ್ತೆ, ಮಳೆಹನಿಗೋ ಆಲಿಕಲ್ಲಿಗೋ ಬಡಿದು ವಾಪಸ್ ಬಂದಿದ್ದನ್ನ ಹಿಡಿದು ಎಷ್ಟು ದೂರದಲ್ಲಿ ಎಷ್ಟು ಮಳೆ ಇದೆ ಅಂತ ಹೇಳತ್ತೆ, ಜೊತೆಗೆ ಆ ಹನಿಗಳು ರೇಡಾರ್ ಕಡೆ ಬರ್ತಿದಾವಾ ದೂರ ಹೋಗ್ತಿದಾವಾ ಅನ್ನೋದನ್ನೂ ಹೇಳತ್ತೆ. ಒಂದೇ ಜಾಗದಲ್ಲಿ ಒಂದು ಪಕ್ಕ ಜೋರಾಗಿ ಹತ್ತಿರ ಬರೋ ಗಾಳಿ, ಅದಕ್ಕೆ ಅಂಟಿಕೊಂಡೇ ಜೋರಾಗಿ ದೂರ ಹೋಗೋ ಗಾಳಿ ಕಂಡ್ರೆ ಅಲ್ಲಿ ಗಾಳಿ ತಿರುಗ್ತಿದೆ ಅಂತ ಲೆಕ್ಕ.

ತೊಂದರೆ ಇರೋದು ಎತ್ತರದಲ್ಲಿ. ರೇಡಾರ್ ಕಿರಣವನ್ನ ನೆಲಕ್ಕೆ ಸಮವಾಗಿ ಬಿಡೋಕಾಗಲ್ಲ, ಮರ ಕಟ್ಟಡ ಅಡ್ಡ ಬರತ್ತೆ, ಹಾಗಾಗಿ ಸಾಮಾನ್ಯವಾಗಿ ಅತಿ ಕೆಳಗಿನ ಸುತ್ತನ್ನೂ ಅರ್ಧ ಡಿಗ್ರಿ ಮೇಲಕ್ಕೆ ಎತ್ತಿ ಬಿಡ್ತಾರೆ. ಕೈಯಲ್ಲಿ ಟಾರ್ಚ್ ಹಿಡಿದು ಒಂಚೂರು ಮೇಲಕ್ಕೆ ಎತ್ತಿ ಬಿಟ್ರೆ ಹತ್ತಿರದಲ್ಲಿ ನೆಲದ ಮೇಲಿರೋದು ಕಾಣತ್ತೆ, ದೂರ ಹೋದಷ್ಟೂ ಬೆಳಕು ಎಲ್ಲರ ತಲೆ ಮೇಲೆ ಹಾದು ಹೋಗತ್ತಲ್ಲ, ಇಲ್ಲೂ ಅಷ್ಟೇ. ಸಾಲದು ಅಂತ ಭೂಮಿ ಬೇರೆ ಬಾಗಿದೆ. ಲೆಕ್ಕ ಹಾಕಿದ್ರೆ ರೇಡಾರಿಂದ 100 ಕಿಲೋಮೀಟರ್ ದೂರದಲ್ಲಿ ಆ ಕಿರಣದ ನಡುಭಾಗ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರತ್ತೆ, 200 ಕಿಲೋಮೀಟರ್ ದೂರದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಮೇಲೆ. ಕಿರಣ ಹೋಗ್ತಾ ಹೋಗ್ತಾ ಅಗಲಾನೂ ಆಗತ್ತೆ, 100 ಕಿಲೋಮೀಟರ್‌ಗೆ ಒಂದೂವರೆ ಕಿಲೋಮೀಟರ್‌ಗಿಂತ ಹೆಚ್ಚು ಅಗಲ. ಟಾರ್ನೇಡೊ ಎಷ್ಟೋ ಸಲ ನೂರು ಮೀಟರ್ ಅಗಲ ಇರತ್ತೆ ಅಷ್ಟೆ, ಅದು ಆ ಅಗಲದೊಳಗೆ ಕರಗಿ ಹೋಗತ್ತೆ.

ಅಂದ್ರೆ ರೇಡಾರ್ ನೋಡ್ತಿರೋದು ಮೋಡದ ಹೊಟ್ಟೆನ, ಮನೆ ಕಿತ್ತು ಹಾಕೋದು ಮೋಡದ ಕೆಳಗೆ ನೆಲಕ್ಕೆ ತಾಗಿರೋದು. ಮೇಲೆ ಗಾಳಿ ತಿರುಗ್ತಿದೆ ಅಂದ ಮಾತ್ರಕ್ಕೆ ಕೆಳಗೆ ಟಾರ್ನೇಡೊ ಇದೆ ಅಂತಲ್ಲ, ಹೀಗೆ ತಿರುಗೋ ಬಹುಪಾಲು ಬಿರುಮಳೆ ಮೋಡಗಳು ಟಾರ್ನೇಡೊ ಹುಟ್ಟಿಸೋದೇ ಇಲ್ಲ. ಅಮೆರಿಕದಲ್ಲಿ ಕೊಡೋ ಟಾರ್ನೇಡೊ ವಾರ್ನಿಂಗ್‌ಗಳಲ್ಲಿ ಹತ್ತಕ್ಕೆ ಸುಮಾರು ಏಳು ಸುಳ್ಳಾಗೋದಕ್ಕೆ ದೊಡ್ಡ ಕಾರಣ ಇದೇ. ಒಂದು ಸುತ್ತು ಪೂರ್ತಿ ಎಲ್ಲ ಎತ್ತರಗಳನ್ನ ಸ್ಕ್ಯಾನ್ ಮಾಡೋಕೆ ರೇಡಾರ್‌ಗೆ ನಾಲ್ಕರಿಂದ ಆರು ನಿಮಿಷ ಬೇಕು, ಅದರ ನಡುನಡುವೆ ಕೆಳಗಿನ ಸುತ್ತನ್ನ ಮತ್ತೆ ಮತ್ತೆ ಹಾಕ್ಕೊಂಡು ಬರೋ ವ್ಯವಸ್ಥೆ ಈಗ ಇದೆ, ಆದ್ರೂ ಎರಡು ನಿಮಿಷದಲ್ಲಿ ಹುಟ್ಟಿ ಸಾಯೋ ಟಾರ್ನೇಡೊಗೆ ಇದು ಸಾಲಲ್ಲ.

2013ರ ಹೊತ್ತಿಗೆ ಎಲ್ಲ ರೇಡಾರ್‌ಗಳಿಗೂ ಡ್ಯುಯಲ್ ಪೋಲ್ ಅನ್ನೋ ಅಪ್‌ಗ್ರೇಡ್ ಆಯ್ತು. ಈಗ ಗಾಳಿಯಲ್ಲಿ ಹಾರ್ತಿರೋದು ಮಳೆಹನಿಯೋ ಇಲ್ಲ ಮುರಿದ ಮರ, ತಗಡು, ಇನ್ಸುಲೇಶನ್ ಚೂರೋ ಅಂತ ರೇಡಾರ್ ಬೇರೆ ಮಾಡಿ ಹೇಳಬಲ್ಲದು. ಒಳ್ಳೇದೇ, ಆದ್ರೆ ಆ ಚೂರು ಅಷ್ಟು ಮೇಲಕ್ಕೆ ಹಾರಿದೆ ಅಂದ್ರೆ ಕೆಳಗೆ ಯಾರದೋ ಮನೆ ಹೋಗಿ ಆಗಿದೆ ಅಂತ ಅರ್ಥ.

ಈ ವ್ಯವಸ್ಥೆ ಬಂದಿದ್ದು ಹೇಗೆ

ಚುಟುಕಾಗಿ ಹೇಳ್ತೀನಿ. 1880ರ ದಶಕದಲ್ಲಿ ಸೈನ್ಯದ ಸಿಗ್ನಲ್ ಕೋರ್‌ನಲ್ಲಿದ್ದ ಜಾನ್ ಫಿನ್ಲಿ ಅನ್ನೋರು ಟಾರ್ನೇಡೊ ವರದಿ ಕಳಿಸೋ ಸ್ವಯಂಸೇವಕರ ಜಾಲ ಕಟ್ಟಿದ್ರು. ಆದ್ರೆ ಅದೇ ಕಾಲದಲ್ಲಿ ಮುನ್ಸೂಚನೆಯಲ್ಲಿ ಟಾರ್ನೇಡೊ ಅನ್ನೋ ಪದಾನೇ ಬಳಸಬಾರದು, ಜನ ಗಾಬರಿ ಆಗ್ತಾರೆ ಅಂತ ತೀರ್ಮಾನ ಆಯ್ತು, ಆ ಧೋರಣೆ ಹಲವಾರು ದಶಕ ಹಾಗೇ ಉಳೀತು. ಎರಡನೇ ಮಹಾಯುದ್ಧದಲ್ಲಿ ಮದ್ದುಗುಂಡು ಕಾರ್ಖಾನೆಗಳ ಸುತ್ತ ಮಿಂಚು, ಬಿರುಗಾಳಿ ನೋಡಿ ಹೇಳೋಕೆ ಜನರನ್ನ ನಿಲ್ಲಿಸಿದ್ರು, ಸಿಡಿಲು ಬಡಿದ್ರೆ ಏನಾಗತ್ತೆ ಅಂತ ಹೇಳಬೇಕಾಗಿಲ್ಲ.

1948ರ ಮಾರ್ಚ್ 20ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಟಾರ್ನೇಡೊ ಬಡೀತು. ಐದೇ ದಿನಕ್ಕೆ, ಮಾರ್ಚ್ 25ಕ್ಕೆ, ಅಲ್ಲಿನ ಅಧಿಕಾರಿಗಳಾದ ಫಾಬುಶ್ ಮತ್ತು ಮಿಲ್ಲರ್ ಅದೇ ತರದ ವಾತಾವರಣ ಮತ್ತೆ ಕಂಡು ಟಾರ್ನೇಡೊ ಮುನ್ಸೂಚನೆ ಕೊಟ್ರು, ಅವತ್ತೇ ಸಂಜೆ ಅದೇ ವಾಯುನೆಲೆಗೆ ಮತ್ತೆ ಟಾರ್ನೇಡೊ ಬಂತು. ಯಶಸ್ವಿಯಾದ ಮೊದಲ ಟಾರ್ನೇಡೊ ಮುನ್ಸೂಚನೆ ಅಂತ ಇದನ್ನೇ ಲೆಕ್ಕ ಇಡ್ತಾರೆ.

ಸ್ಕೈವಾರ್ನ್‌ಗೆ ನಿಜವಾದ ಒತ್ತು ಕೊಟ್ಟಿದ್ದು 1965ರ ಏಪ್ರಿಲ್ 11, ಪಾಮ್ ಸಂಡೆ (ಈಸ್ಟರ್‌ಗೆ ಹಿಂದಿನ ಭಾನುವಾರ) ದಿನ. ಅವತ್ತು ಅಮೆರಿಕದ ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಒಂದರ ಹಿಂದೆ ಒಂದು ಟಾರ್ನೇಡೊ ಎದ್ದು 250ಕ್ಕಿಂತ ಹೆಚ್ಚು ಜನ ಸತ್ತರು. ಎಚ್ಚರಿಕೆ ಜನರಿಗೆ ಯಾಕೆ ತಲುಪಲಿಲ್ಲ, ತಲುಪಿದ್ರೂ ಯಾಕೆ ಅರ್ಥ ಆಗಲಿಲ್ಲ ಅಂತ ನೋಡಿದ ಮೇಲೆ ಸ್ಪಾಟರ್‌ಗಳನ್ನ ವ್ಯವಸ್ಥಿತವಾಗಿ ತಯಾರು ಮಾಡೋ ಕೆಲಸ ಶುರುವಾಯ್ತು. 1973ರ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿಯ ಟಾರ್ನೇಡೊವನ್ನ ಸಂಶೋಧಕರು ನೆಲದಿಂದ ಫಿಲ್ಮ್ ಮಾಡಿದ್ರು, ಅದೇ ಹೊತ್ತಿಗೆ ನಾರ್ಮನ್‌ನ ಡಾಪ್ಲರ್ ರೇಡಾರ್ ಕೂಡ ಅದನ್ನ ಅಳೀತಿತ್ತು. ರೇಡಾರಲ್ಲಿ ಕಂಡಿದ್ದನ್ನೂ ಕಣ್ಣಿಗೆ ಕಂಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಆಗಲೇ ಸಾಧ್ಯ ಆಗಿದ್ದು, ಇವತ್ತಿನ ಟ್ರೈನಿಂಗ್‌ನ ಎಷ್ಟೋ ಚಿತ್ರಗಳ ಹಿಂದೆ ಆ ತರದ ಕೆಲಸ ಇದೆ.

ಸ್ಪಾಟರ್ ಕ್ಲಾಸಲ್ಲಿ ಏನು ಕಲಿಸ್ತಾರೆ

ಕ್ಲಾಸು ಸಾಮಾನ್ಯವಾಗಿ ಎರಡು ಗಂಟೆ, ದುಡ್ಡು ಏನೂ ಇಲ್ಲ. ಲೋಕಲ್ ಆಫೀಸಿನ ಹವಾಮಾನ ತಜ್ಞರೊಬ್ಬರು ಲೈಬ್ರರಿಲೋ ಫೈರ್ ಸ್ಟೇಷನ್‌ನಲ್ಲೋ ಬಂದು ಸ್ಲೈಡ್, ವಿಡಿಯೋ ತೋರಿಸ್ತಾ ಹೇಳ್ತಾರೆ, ಈಗ ಆನ್‌ಲೈನಲ್ಲೂ ಮಾಡ್ತಾರೆ. ಎರಡು ಗಂಟೆಯಲ್ಲಿ ಹವಾಮಾನಶಾಸ್ತ್ರ ಕಲಿಸೋಕಾಗಲ್ಲ, ಅದು ಅವರ ಉದ್ದೇಶಾನೂ ಅಲ್ಲ. ಟಾರ್ನೇಡೊ ಹಾಗೆ ಕಾಣೋ ಆದ್ರೆ ಟಾರ್ನೇಡೊ ಅಲ್ಲದ ಹತ್ತಾರು ವಸ್ತುಗಳನ್ನ ಗುರುತಿಸಿ ಬದಿಗಿಡೋದು ಹೇಗೆ ಅನ್ನೋದೇ ಅಲ್ಲಿ ಹೆಚ್ಚಾಗಿ ನಡೆಯೋ ಪಾಠ.

ಅದಕ್ಕೆ ಬೇಕಾದಷ್ಟು ವಿಜ್ಞಾನ ಹೇಳ್ತಾರೆ. ಕೆಳಗೆ ಬೆಚ್ಚಗಿನ ತೇವದ ಗಾಳಿ, ಮೇಲೆ ತಣ್ಣಗಿನ ಗಾಳಿ ಇದ್ದು ಏನೋ ಒಂದು ಕಾರಣಕ್ಕೆ ಕೆಳಗಿಂದು ಮೇಲಕ್ಕೆ ನುಗ್ಗಿದ್ರೆ ಗುಡುಗುಮೋಡ. ಇದರ ಜೊತೆಗೆ ನೆಲದ ಹತ್ತಿರ ಗಾಳಿ ಒಂದು ದಿಕ್ಕಿಂದ ಮೆಲ್ಲಗೆ, ಮೇಲೆ ಬೇರೆ ದಿಕ್ಕಿಂದ ಜೋರಾಗಿ ಬೀಸ್ತಿದ್ರೆ ನಡುವಿನ ಗಾಳಿ ಅಡ್ಡಡ್ಡ ಉರುಳೋಕೆ ಶುರು ಮಾಡತ್ತೆ, ಆ ಉರುಳನ್ನ ಮೇಲೇರೋ ಗಾಳಿ ಎತ್ತಿ ನೆಟ್ಟಗೆ ನಿಲ್ಲಿಸಿಬಿಟ್ರೆ ಇಡೀ ಮೋಡವೇ ಒಳಗಿಂದ ತಿರುಗತ್ತೆ. ಇದಕ್ಕೆ ಸೂಪರ್‌ಸೆಲ್ ಅಂತಾರೆ. ದೊಡ್ಡ ಆಲಿಕಲ್ಲು, ಜೋರಾದ ಟಾರ್ನೇಡೊ ಬರೋದು ಹೆಚ್ಚಾಗಿ ಇದರಿಂದಲೇ.

ಸೂಪರ್‌ಸೆಲ್‌ನಲ್ಲಿ ಮಳೆ ಸುರಿಯೋ ಜಾಗ ಬೇರೆ, ಗಾಳಿ ಮೇಲೇರೋ ಜಾಗ ಬೇರೆ. ಮೇಲೇರೋ ಜಾಗದ ಕೆಳಗೆ ಮಳೆ ಇಲ್ಲದ ಕಪ್ಪನೆ ಸಪಾಟು ತಳ ಕಾಣತ್ತೆ, ಅಮೆರಿಕದ ಬಯಲುಸೀಮೆಯಲ್ಲಿ ಅದು ಸಾಮಾನ್ಯವಾಗಿ ಮೋಡದ ನೈಋತ್ಯ ಭಾಗ. ಆ ತಳದಿಂದ ಒಂದು ತುಂಡು ಕೆಳಕ್ಕೆ ಇಳಿದು ನಿಂತ್ರೆ ಅದು ವಾಲ್ ಕ್ಲೌಡ್. ಟಾರ್ನೇಡೊ ಬರೋದಾದ್ರೆ ಹೆಚ್ಚಾಗಿ ಇಲ್ಲಿಂದ, ಹಾಗಾಗಿ ಸ್ಪಾಟರ್ ಕಣ್ಣು ಇಲ್ಲೇ ಇರಬೇಕು.

ಇಲ್ಲೇ ಎಲ್ಲರೂ ಮೋಸ ಹೋಗೋದು. ಮಳೆಯಿಂದ ತಣ್ಣಗಾದ ತೇವದ ಗಾಳಿ ಮೇಲೇಳ್ತಾ ಮೋಡದ ಕೆಳಗೆ ಹರಕು ಹರಕಾದ ಚೂರುಗಳನ್ನ ಮಾಡತ್ತೆ, ಅದನ್ನ ಸ್ಕಡ್ ಅಂತಾರೆ. ಸ್ಕಡ್ ನೋಡೋಕೆ ಥೇಟ್ ಸೊಂಡಿಲಿನ ಹಾಗೆ ಕೆಳಗೆ ಚಾಚಿಕೊಂಡಿರಬಹುದು, ಫೋಟೋ ತೆಗೆದ್ರೆ ಟಾರ್ನೇಡೊ ಅಂತ ಯಾರು ಬೇಕಾದ್ರೂ ನಂಬ್ತಾರೆ. ಕ್ಲಾಸಲ್ಲಿ ಹೇಳಿಕೊಡೋ ಉಪಾಯ ಸರಳ, ಆದ್ರೆ ಆ ಕ್ಷಣದಲ್ಲಿ ತಾಳ್ಮೆ ಬೇಕು. ಒಂದು ಕಂಬವೋ ಮರವೋ ನೋಡಿಕೊಂಡು ಅದರ ನೇರಕ್ಕೆ ಆ ತುಂಡನ್ನ ಇಟ್ಟು ಒಂದೆರಡು ನಿಮಿಷ ಸುಮ್ಮನೆ ನೋಡಬೇಕು. ಅದು ಮೋಡದ ತಳಕ್ಕೆ ಅಂಟಿಕೊಂಡಿದೆಯಾ ಇಲ್ಲ ಬಿಡಿಯಾಗಿ ತೇಲ್ತಿದೆಯಾ? ಮುಂದಿನ ಅಂಚು ಬಲಕ್ಕೆ, ಅದರ ಹಿಂದಿನ ಅಂಚು ಎಡಕ್ಕೆ ಹೋಗ್ತಾ ನಿಜವಾಗ್ಲೂ ಸುತ್ತುತ್ತಿದೆಯಾ, ಇಲ್ಲ ಎಲ್ಲ ಒಂದೇ ಕಡೆ ಓಡ್ತಿದೆಯಾ? ಹತ್ತು ನಿಮಿಷ ಆದ್ರೂ ಇದೆಯಾ ಇಲ್ಲ ಎರಡೇ ನಿಮಿಷಕ್ಕೆ ಆಕಾರ ಕಳ್ಕೊಂಡ್ತಾ? ಅಂಟಿಕೊಂಡು, ತಿರುಗ್ತಾ, ಉಳಿದುಕೊಂಡ್ರೆ ಮಾತ್ರ ಅದು ಗಂಭೀರ.

ಶೆಲ್ಫ್ ಕ್ಲೌಡ್ ಇನ್ನೊಂದು. ಮಳೆಗಿಂತ ಮುಂಚೆ ತಣ್ಣನೆ ಗಾಳಿ ನುಗ್ಗಿ ಬರೋವಾಗ ಅದರ ಮೂತಿಯಲ್ಲಿ ಉದ್ದಕ್ಕೆ ಕಮಾನಿನ ಹಾಗೆ ಎದ್ದಿರತ್ತೆ, ಭಯ ಹುಟ್ಟಿಸೋದ್ರಲ್ಲಿ ಎಲ್ಲಕ್ಕಿಂತ ಮುಂದೆ, ಟಾರ್ನೇಡೊ ಮಾಡೋದ್ರಲ್ಲಿ ಹಿಂದೆ. ಇದರ ಇಳಿಜಾರು ಮಳೆಯಿಂದ ಆಚೆಗಿರತ್ತೆ, ವಾಲ್ ಕ್ಲೌಡ್‌ದು ಮಳೆ ಕಡೆಗಿರತ್ತೆ ಅನ್ನೋದನ್ನ ನೆನಪಿಟ್ಟುಕೊಳ್ಳಿ ಅಂತ ಹೇಳ್ತಾರೆ. ದೂರದ ಮಳೆ ಪರದೆ, ಹೊಗೆ, ದಿಗಂತದಲ್ಲಿರೋ ಮರದ ಸಾಲು, ತಣ್ಣನೆ ಗಾಳಿಯ ಅಂಚಲ್ಲಿ ನೆಲದಿಂದ ಏಳೋ ಧೂಳಿನ ಸುಳಿ, ಇವೂ ದಿನಾ ಜನರನ್ನ ಏಮಾರಿಸೋ ಪಟ್ಟಿಯಲ್ಲಿವೆ.

ಉಲ್ಟಾ ತಪ್ಪೂ ಆಗತ್ತೆ. ಆಲಿಕೆ ಆಕಾರದ ಮೋಡ ಅರ್ಧಕ್ಕೆ ನಿಂತಿದೆ, ನೆಲ ಮುಟ್ಟಿಲ್ಲ, ಹಾಗಾಗಿ ಟಾರ್ನೇಡೊ ಅಲ್ಲ ಅನ್ಕೊಳ್ತಾರೆ. ನೆಲ ಮುಟ್ಟಬೇಕಾಗಿರೋದು ತಿರುಗೋ ಗಾಳಿ, ಮೋಡ ಅಲ್ಲ. ಆಲಿಕೆ ಅರ್ಧದಲ್ಲೇ ಇದ್ರೂ ಅದರ ನೇರ ಕೆಳಗೆ ಧೂಳು, ಕಸ ಸುತ್ತಿಕೊಂಡು ಏಳ್ತಿದ್ರೆ ಅದು ಆಗಲೇ ಟಾರ್ನೇಡೊ. ಅದಕ್ಕೆ ಮೇಲೆ ನೋಡೋದರ ಜೊತೆ ಕೆಳಗೆ ನೋಡಿ ಅಂತ ಪದೇ ಪದೇ ಹೇಳೋದು.

ರಾತ್ರಿ ಹೊತ್ತು ಇದೆಲ್ಲ ಎರಡು ಪಟ್ಟು ಕಷ್ಟ. ಮಿಂಚಿನ ಬೆಳಕಲ್ಲಿ ಒಂದು ಕ್ಷಣ ನೆರಳು ಕಾಣತ್ತೆ, ಅಷ್ಟೇ. ಆಗ ಸಹಾಯಕ್ಕೆ ಬರೋ ಒಂದು ಗುರುತು ಅಂದ್ರೆ ನೆಲದ ಹತ್ತಿರ ಹಸಿರು ನೀಲಿ ಬಣ್ಣದಲ್ಲಿ ಪಟ್ ಪಟ್ ಅಂತ ಹೊಳೆಯೋ ಬೆಳಕು, ಅದು ಮಿಂಚಲ್ಲ, ಕರೆಂಟ್ ತಂತಿ, ಟ್ರಾನ್ಸ್‌ಫಾರ್ಮರ್ ಹೋಗ್ತಿರೋದು. ಗಾಳಿ ಎಲ್ಲಿದೆ ಅಂತ ಅದರಿಂದ ಊಹಿಸ್ತಾರೆ.

ಒಳ್ಳೆ ರಿಪೋರ್ಟ್ ಅಂದ್ರೆ ಹೇಗಿರತ್ತೆ

ನೋಡೋದು ಅರ್ಧ ಕೆಲಸ, ನೋಡಿದ್ದನ್ನ ಉಪಯೋಗಕ್ಕೆ ಬರೋ ಹಾಗೆ ಹೇಳೋದು ಇನ್ನರ್ಧ. "ಇಲ್ಲಿ ಮೋಡ ಭಯಂಕರವಾಗಿದೆ, ಏನೋ ಕೆಳಗೆ ಇಳೀತಿದೆ" ಅಂತ ಫೋನ್ ಬಂದ್ರೆ ಫೋರ್‌ಕಾಸ್ಟರ್‌ಗೆ ಏನು ಮಾಡಬೇಕು ಅಂತಾನೇ ಗೊತ್ತಾಗಲ್ಲ. ಅದರ ಬದಲು ಹೀಗೆ ಹೇಳೋಕೆ ಕಲಿಸ್ತಾರೆ: "ನಾನು ಟ್ರೈನಿಂಗ್ ಆಗಿರೋ ಸ್ಪಾಟರ್. ಈಗ ಸಂಜೆ 5:42. ನಾನಿರೋದು ಊರಿಂದ 3 ಮೈಲಿ ದಕ್ಷಿಣಕ್ಕೆ ಹೈವೇ ಕ್ರಾಸಿಂಗ್ ಹತ್ತಿರ. ನನ್ನಿಂದ ವಾಯವ್ಯಕ್ಕೆ ಸುಮಾರು 4 ಮೈಲಿ ದೂರದಲ್ಲಿ ತಿರುಗ್ತಿರೋ ವಾಲ್ ಕ್ಲೌಡ್ ಇದೆ, ಹತ್ತು ನಿಮಿಷದಿಂದ ನೋಡ್ತಿದೀನಿ. ಕೆಳಗೆ ಧೂಳು ಎದ್ದಿಲ್ಲ."

ಇದರಲ್ಲಿ ಯಾವಾಗ, ಏನು, ಎಲ್ಲಿ ಮೂರೂ ಇದೆ. ಮುಖ್ಯವಾಗಿ ನಾನೆಲ್ಲಿದೀನಿ ಅನ್ನೋದು ಬೇರೆ, ಬಿರುಗಾಳಿ ಎಲ್ಲಿದೆ ಅನ್ನೋದು ಬೇರೆ ಅಂತ ಬಿಡಿಸಿ ಹೇಳಿದಾರೆ, ಇದೊಂದು ತಪ್ಪಾದ್ರೆ ರಿಪೋರ್ಟ್ ನಾಲ್ಕು ಮೈಲಿ ಆಚೆ ಇನ್ಯಾವುದೋ ಮೋಡದ ಲೆಕ್ಕಕ್ಕೆ ಹೋಗತ್ತೆ. ಕೊನೆಯ "ಧೂಳು ಎದ್ದಿಲ್ಲ" ಅನ್ನೋದಕ್ಕೂ ಬೆಲೆ ಇದೆ. ರೇಡಾರ್‌ನಲ್ಲಿ ಗಾಳಿ ತಿರುಗೋದು ಜೋರಾಗಿ ಕಾಣ್ತಿದ್ದಾಗ ಕೆಳಗಿಂದ ಒಬ್ಬರು ನಿಂತು ಸರಿಯಾಗಿ ನೋಡಿ ಇನ್ನೂ ಏನೂ ಇಲ್ಲ ಅಂತ ಹೇಳಿದ್ರೆ ಅದೂ ಒಂದು ಮಾಹಿತಿ.

ಅಳತೆ ವಿಷಯದಲ್ಲೂ ಶಿಸ್ತು ಇದೆ. ವೆದರ್ ಸರ್ವಿಸ್ ಲೆಕ್ಕದಲ್ಲಿ ಗಾಳಿ ಗಂಟೆಗೆ 58 ಮೈಲಿ, ಅಂದ್ರೆ ಸುಮಾರು 93 ಕಿಲೋಮೀಟರ್ ದಾಟಿದ್ರೆ, ಇಲ್ಲ ಆಲಿಕಲ್ಲು ಒಂದು ಇಂಚು ಆದ್ರೆ ಅದು ತೀವ್ರ ಗುಡುಗುಮಳೆ. ಆಲಿಕಲ್ಲಿನ ಈ ಮಿತಿ ಮುಂಚೆ ಮುಕ್ಕಾಲು ಇಂಚಿತ್ತು, 2010ರಲ್ಲಿ ದೇಶಕ್ಕೆಲ್ಲ ಒಂದು ಇಂಚು ಮಾಡಿದ್ರು. ಗಾತ್ರ ಹೇಳೋಕೆ ಎಲ್ಲರಿಗೂ ಗೊತ್ತಿರೋ ವಸ್ತು ಬಳಸ್ತಾರೆ: ಅಮೆರಿಕದ ಕ್ವಾರ್ಟರ್ ನಾಣ್ಯ ಅಂದ್ರೆ ಒಂದು ಇಂಚು, ಗಾಲ್ಫ್ ಚೆಂಡು ಒಂದು ಮುಕ್ಕಾಲು, ಬೇಸ್‌ಬಾಲ್ ಎರಡು ಮುಕ್ಕಾಲು. ಗೋಲಿ ಗಾತ್ರ ಅಂತ ಮಾತ್ರ ಹೇಳಬೇಡಿ ಅಂತಾರೆ, ಯಾಕಂದ್ರೆ ಗೋಲಿ ಒಂದೊಂದು ಒಂದೊಂದು ಸೈಜು. 2010ರ ಜುಲೈ 23ರಂದು ಸೌತ್ ಡಕೋಟಾದ ವಿವಿಯನ್‌ನಲ್ಲಿ ಬಿದ್ದ ಆಲಿಕಲ್ಲು 8 ಇಂಚು ಅಗಲ ಇತ್ತು, ಅಮೆರಿಕದ ದಾಖಲೆ ಅದು, ಅಂಥದ್ದಕ್ಕೆ ಯಾವ ನಾಣ್ಯ ಚೆಂಡೂ ಸಾಕಾಗಲ್ಲ, ಸ್ಕೇಲ್ ಇಟ್ಟು ಅಳೀಬೇಕು.

ಗಾಳಿ ವೇಗ ಊಹಿಸೋದ್ರಲ್ಲಿ ಜನ ಯಾವಾಗ್ಲೂ ಜಾಸ್ತಿ ಹೇಳ್ತಾರೆ. ಅದಕ್ಕೆ ಸಂಖ್ಯೆಗಿಂತ ಆದ ಹಾನಿ ಹೇಳಿ ಅಂತಾರೆ, ಕೊಂಬೆ ಎಷ್ಟು ದಪ್ಪ ಇತ್ತು, ಹಸಿಯೋ ಒಣಗಿದ್ದೋ, ಮರ ಮುರೀತೋ ಬೇರು ಸಮೇತ ಎದ್ದು ಬಂತೋ. ಸಂಖ್ಯೆ ಹೇಳೋದಾದ್ರೆ ಅಳೆದಿದ್ದೋ ಅಂದಾಜೋ ಅಂತ ಕೂಡ ಹೇಳಬೇಕು.

ಫೋನಿನ ಆ ಕಡೆ ಇರೋರ ಟ್ರೈನಿಂಗ್

ಡಿಗ್ರಿ ಮುಗಿಸಿ ಬಂದ ಹೊಸ ಫೋರ್‌ಕಾಸ್ಟರ್‌ನ ಮೊದಲನೇ ದಿನವೇ ವಾರ್ನಿಂಗ್ ಕುರ್ಚಿ ಮೇಲೆ ಕೂರಿಸಲ್ಲ. ನಾರ್ಮನ್‌ನಲ್ಲಿ ವಾರ್ನಿಂಗ್ ಡಿಸಿಷನ್ ಟ್ರೈನಿಂಗ್ ಡಿವಿಷನ್ ಅಂತ ಒಂದು ವಿಭಾಗ ಇದೆ, ಅವರು ನಡೆಸೋ ರೇಡಾರ್ ಅಂಡ್ ಅಪ್ಲಿಕೇಶನ್ಸ್ ಕೋರ್ಸ್ ಹಲವು ತಿಂಗಳು ನಡೆಯತ್ತೆ, ಹೆಚ್ಚಿನ ಭಾಗ ಆನ್‌ಲೈನ್, ಕೊನೆಗೆ ವರ್ಕ್‌ಶಾಪ್. ರೇಡಾರ್ ಹೇಗೆ ಕೆಲಸ ಮಾಡತ್ತೆ ಅನ್ನೋದಕ್ಕಿಂತ ಎಲ್ಲೆಲ್ಲಿ ಸುಳ್ಳು ಹೇಳತ್ತೆ ಅನ್ನೋದು ಅಲ್ಲಿ ದೊಡ್ಡ ಪಾಠ. ಇದಲ್ಲದೆ ಕಾನ್ಸಸ್ ಸಿಟಿಯಲ್ಲಿ ವೆದರ್ ಸರ್ವಿಸ್‌ನದೇ ಟ್ರೈನಿಂಗ್ ಸೆಂಟರ್ ಇದೆ.

ಅಭ್ಯಾಸಕ್ಕೆ ಸಿಮ್ಯುಲೇಟರ್ ಇದೆ. ಹಿಂದೆ ಯಾವತ್ತೋ ಆದ ನಿಜವಾದ ಬಿರುಗಾಳಿಯ ರೇಡಾರ್, ಸ್ಯಾಟಲೈಟ್ ದತ್ತಾಂಶವನ್ನ ಆಫೀಸಿನ ಮಾಮೂಲಿ ಕಂಪ್ಯೂಟರ್ ಪರದೆ ಮೇಲೆ ಅದೇ ವೇಗದಲ್ಲಿ ಮತ್ತೆ ಓಡಿಸ್ತಾರೆ. ಅವತ್ತಿನ ಸ್ಪಾಟರ್ ರಿಪೋರ್ಟ್‌ಗಳನ್ನೂ ಆ ಹೊತ್ತಿಗೆ ಸರಿಯಾಗಿ ಪರದೆ ಮೇಲೆ ಬರೋ ಹಾಗೆ ಸೇರಿಸಬಹುದು. ಮುಂದೆ ಏನಾಗತ್ತೆ ಅಂತ ಕಲಿಯೋರಿಗೆ ಗೊತ್ತಿರಲ್ಲ. ಒಂದು ಕಡೆ ಗಾಳಿ ತಿರುಗೋದು ಬಿಗಿ ಆಗ್ತಿದೆ, ಇನ್ನೊಂದು ಕಡೆ ಬಂದ ರಿಪೋರ್ಟ್ ಅದಕ್ಕೆ ಹೊಂದಲ್ಲ, ಮೂರನೇ ಕಡೆ ಬೇರೆ ಮೋಡ ಬೆಳೀತಿದೆ, ಈಗ ವಾರ್ನಿಂಗ್ ಕೊಡಬೇಕಾ, ಕೊಟ್ರೆ ನಕ್ಷೆ ಮೇಲೆ ಯಾವ ಆಕಾರದಲ್ಲಿ ಗೆರೆ ಎಳೀಬೇಕು? 2007ರ ಅಕ್ಟೋಬರ್‌ವರೆಗೂ ವಾರ್ನಿಂಗ್ ಅಂದ್ರೆ ಇಡೀ ಕೌಂಟಿಗೇ ಅನ್ನೋ ಪದ್ಧತಿ ಇತ್ತು, ಆಮೇಲೆ ಬಿರುಗಾಳಿ ಹೋಗೋ ದಾರಿಗೆ ಮಾತ್ರ ಗೆರೆ ಎಳೆಯೋ ಪದ್ಧತಿ ಬಂತು. ಗೆರೆ ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಮ್ಮಿ.

2011ರ ಮೇ 22ರಂದು ಮಿಸೌರಿಯ ಜೋಪ್ಲಿನ್‌ನಲ್ಲಿ ಟಾರ್ನೇಡೊಗೆ 158 ಜನ ಬಲಿಯಾದ್ರು. ವಾರ್ನಿಂಗ್ ಇತ್ತು, ಸೈರನ್ ಕೂಗಿತ್ತು. ಆದ್ರೂ ತುಂಬಾ ಜನ ಮೊದಲ ಸೈರನ್‌ಗೆ ಒಳಗೆ ಹೋಗಲಿಲ್ಲ, ಟಿವಿ ಹಾಕಿದ್ರು, ಬಾಗಿಲು ತೆಗೆದು ಹೊರಗೆ ನೋಡಿದ್ರು, ನಿಜವಾ ಅಂತ ಇನ್ನೊಂದು ಕಡೆಯಿಂದ ಖಾತ್ರಿ ಆಗೋವರೆಗೂ ಕಾದ್ರು, ವೆದರ್ ಸರ್ವಿಸ್ ಆಮೇಲೆ ಮಾಡಿದ ಪರಿಶೀಲನೆಯಲ್ಲಿ ಬಂದ ವಿಷಯ ಇದು. ಇದಾದ ಮೇಲೆ 2012ರಲ್ಲಿ ಮಿಸೌರಿ, ಕಾನ್ಸಸ್‌ಗಳಲ್ಲಿ ವಾರ್ನಿಂಗ್ ಬರೆಯೋ ಶೈಲಿ ಬದಲಾಯ್ತು, ಎಂಥ ಅಪಾಯ, ಯಾರು ಹೇಳಿದ್ದು, ಏನಾಗಬಹುದು ಅಂತ ಬಿಡಿಸಿ ಬರೆಯೋಕೆ ಶುರು ಮಾಡಿದ್ರು, ಮುಂದೆ ಅದೇ ದೇಶಕ್ಕೆಲ್ಲ ಹರಡ್ತು. ಹಾಗಾಗಿ ಸ್ಪಾಟರ್ ಒಬ್ಬರ ಸರಿಯಾದ ಒಂದು ಫೋನು ಫೋರ್‌ಕಾಸ್ಟರ್‌ನ ಅನುಮಾನಾನೂ ತೀರಿಸತ್ತೆ, ವಾರ್ನಿಂಗ್ ಓದೋರ ಅನುಮಾನಾನೂ ತೀರಿಸತ್ತೆ. ತಪ್ಪು ಫೋನು ಎರಡನ್ನೂ ಕೆಡಿಸತ್ತೆ.

ಜೀವ ಮೊದಲು

ಯಾವ ಸ್ಪಾಟರ್ ಕ್ಲಾಸಲ್ಲೂ ಸುರಕ್ಷತೆ ಬಗ್ಗೆ ಹೇಳದೆ ಬಿಡಲ್ಲ. ಸುತ್ತ ಏನಾಗ್ತಿದೆ ಅನ್ನೋ ಎಚ್ಚರ, ಸಂಪರ್ಕ, ತಪ್ಪಿಸಿಕೊಳ್ಳೋ ದಾರಿ, ಸುರಕ್ಷಿತ ಜಾಗ, ಈ ನಾಲ್ಕೂ ಇಲ್ಲದೆ ಹೊರಗೆ ನಿಲ್ಲಬೇಡಿ ಅಂತಾರೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಹತ್ತಿರ ಎದ್ದ ಟಾರ್ನೇಡೊ 2.6 ಮೈಲಿ, ಅಂದ್ರೆ ನಾಲ್ಕು ಕಿಲೋಮೀಟರ್‌ಗೂ ಹೆಚ್ಚು ಅಗಲ ಬೆಳೀತು, ಮಳೆ ಒಳಗೆ ಮುಚ್ಚಿಹೋಗಿತ್ತು, ದಿಕ್ಕೂ ವೇಗವೂ ಇದ್ದಕ್ಕಿದ್ದ ಹಾಗೆ ಬದಲಾಯ್ತು. ಅನುಭವಿ ಸಂಶೋಧಕ ಟಿಮ್ ಸಮಾರಾಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂರೂ ಜನ ಅದರಲ್ಲಿ ತೀರಿಕೊಂಡ್ರು. ವರ್ಷಾನುಗಟ್ಟಲೆ ಇದನ್ನೇ ಮಾಡಿದವರಿಗೇ ಹೀಗಾಯ್ತು ಅಂದ್ಮೇಲೆ ಎರಡು ಗಂಟೆ ಕ್ಲಾಸ್ ಮುಗಿಸಿದವರು ಹತ್ತಿರ ಹೋಗೋ ಮಾತೇ ಇಲ್ಲ.

ಓವರ್‌ಪಾಸ್ (ಹೈವೇ ಮೇಲೆ ಹಾದು ಹೋಗೋ ಸೇತುವೆ) ಕೆಳಗೆ ನಿಂತ್ಕೊಂಡ್ರೆ ಬಚಾವ್ ಅನ್ನೋ ನಂಬಿಕೆ ಇದೆ, ಅದು ತಪ್ಪು. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಹಾಗೆ ನಿಂತವರಲ್ಲೇ ಸಾವಾಯ್ತು, ಆ ಸಂದಿಯಲ್ಲಿ ಗಾಳಿ ಮತ್ತೂ ಜೋರಾಗತ್ತೆ, ಹಾರೋ ತಗಡು ಮರಕ್ಕೆ ಅಡ್ಡ ಏನೂ ಇರಲ್ಲ. ಮತ್ತೆ ಸ್ಪಾಟರ್‌ಗಳಿಗೆ ಟಾರ್ನೇಡೊ ಬಿಟ್ಟೂ ದಿನಾ ಎದುರಾಗೋ ಅಪಾಯ ಸಿಡಿಲು ಮತ್ತು ನೀರು. ಅರ್ಧ ಅಡಿ ಹರಿಯೋ ನೀರು ಮನುಷ್ಯನ ಕಾಲು ಕೀಳತ್ತೆ, ಎರಡು ಅಡಿ ನೀರು ಬಹುಪಾಲು ಗಾಡಿಗಳನ್ನ ತೇಲಿಸಿಕೊಂಡು ಹೋಗತ್ತೆ.

ಕಲಿಯೋದು ಎಲ್ಲಿ

ಲೋಕಲ್ ಕ್ಲಾಸುಗಳ ದಿನಾಂಕ ಆಯಾ ವೆದರ್ ಸರ್ವಿಸ್ ಆಫೀಸಿನ ವೆಬ್‌ಸೈಟಲ್ಲಿ ಹಾಕ್ತಾರೆ, ಹೆಚ್ಚಾಗಿ ಚಳಿಗಾಲದ ಕೊನೆಯಿಂದ ವಸಂತದವರೆಗೆ ನಡೆಯತ್ತೆ. ಎಷ್ಟು ವರ್ಷಕ್ಕೊಮ್ಮೆ ಮತ್ತೆ ಕೂರಬೇಕು ಅನ್ನೋದು ಆಫೀಸಿಂದ ಆಫೀಸಿಗೆ ಬೇರೆ.

ಮನೇಲೇ ಕೂತು ಕಲಿಯೋಕೆ ಮೆಟ್‌ಎಡ್ ಇದೆ. ಕೊಲರಾಡೋದ ಬೌಲ್ಡರ್‌ನಲ್ಲಿರೋ ಕಾಮೆಟ್ ಅನ್ನೋ ಸಂಸ್ಥೆ, 1989ರಲ್ಲಿ ಶುರುವಾಗಿದ್ದು, ಇದನ್ನ ನಡೆಸತ್ತೆ. ಉಚಿತವಾಗಿ ಅಕೌಂಟ್ ಮಾಡಿಕೊಂಡ್ರೆ ನೂರಾರು ಪಾಠಗಳು ಸಿಗತ್ತೆ, ಯಾವ ದೇಶದವರು ಬೇಕಾದ್ರೂ ಕಲೀಬಹುದು. ಸ್ಪಾಟರ್‌ಗಳಿಗೆ ಅಂತಾನೇ ಎರಡು ಪಾಠ ಇದೆ, ಒಂದು ಸ್ಪಾಟರ್‌ನ ಪಾತ್ರದ ಬಗ್ಗೆ, ಇನ್ನೊಂದು ಗುಡುಗುಮೋಡಗಳ ಮೂಲ ವಿಷಯ. ಕೊನೆಯಲ್ಲಿ ಕ್ವಿಜ್, ಪಾಸಾದ್ರೆ ಸರ್ಟಿಫಿಕೇಟ್. ಫೋರ್‌ಕಾಸ್ಟರ್‌ಗಳು ಓದೋ ಪಾಠಗಳೂ ಅಲ್ಲೇ ಇವೆ, ಆಸಕ್ತಿ ಇದ್ದವರು ಕೈ ಹಾಕಬಹುದು, ಗಣಿತ ಬಂದಾಗ ಹೆದರಬಾರದು ಅಷ್ಟೆ. ಅದಕ್ಕಿಂತ ಕೆಳಗಿಂದ ಶುರು ಮಾಡಬೇಕು ಅನ್ನೋರಿಗೆ ವೆದರ್ ಸರ್ವಿಸ್‌ನದೇ ಜೆಟ್‌ಸ್ಟ್ರೀಮ್ ಅನ್ನೋ ಆನ್‌ಲೈನ್ ಶಾಲೆ ಇದೆ, ಗಾಳಿ ಒತ್ತಡ ಅಂದ್ರೆ ಏನು ಅನ್ನೋದ್ರಿಂದ ಹೇಳಿಕೊಡ್ತಾರೆ. ನನ್ನ ಕೇಳಿದ್ರೆ ಮೊದಲು ಜೆಟ್‌ಸ್ಟ್ರೀಮ್‌ನ ಗುಡುಗುಮಳೆ ಭಾಗ ಓದಿ ಆಮೇಲೆ ಮೆಟ್‌ಎಡ್‌ಗೆ ಹೋಗೋದು ಒಳ್ಳೇದು, ಇಲ್ಲಾಂದ್ರೆ ಪದಗಳಲ್ಲೇ ಸುಸ್ತಾಗತ್ತೆ.

ಬಿರುಗಾಳಿ ಎಲ್ಲ ಬೇಡಪ್ಪ, ಮಳೆ ಅಳೆಯೋದು ಸಾಕು ಅನ್ನೋರಿಗೆ ಕೊಕೊರಾಸ್ ಅನ್ನೋ ಜಾಲ ಇದೆ. 1997ರ ಜುಲೈನಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಭಾರಿ ಪ್ರವಾಹ ಬಂದು ಐದು ಜನ ಸತ್ತರು, ಒಂದೇ ಊರಲ್ಲಿ ಒಂದು ಕಡೆ ವಿಪರೀತ ಮಳೆ, ಕೆಲವೇ ಮೈಲಿ ಆಚೆ ತುಂಬಾ ಕಮ್ಮಿ. ಆ ವ್ಯತ್ಯಾಸ ಹಿಡಿಯೋಕೆ 1998ರಲ್ಲಿ ಇದನ್ನ ಶುರು ಮಾಡಿದ್ರು. ನಾಲ್ಕು ಇಂಚು ಬಾಯಿಯ ಮಳೆಮಾಪಕ ಅಂಗಳದಲ್ಲಿ ನೆಟ್ಟು ದಿನಾ ಬೆಳಗ್ಗೆ ಅಳೆದು ಆನ್‌ಲೈನಲ್ಲಿ ಹಾಕೋದು, ಮಳೆ ಬರದಿದ್ದ ದಿನ ಸೊನ್ನೆ ಅಂತ ಹಾಕೋದನ್ನ ಮರೀಬಾರದು ಅಂತ ಅವರೂ ಹೇಳ್ತಾರೆ.

ಇನ್ನೊಂದು ಮಾತು, ಸ್ಪಾಟರ್ ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಕೆಲವರು ಕಾರಿನ ಮೇಲೆ ಹಳದಿ ಲೈಟ್ ಹಾಕಿಕೊಂಡು ಓಡಾಡ್ತಾರೆ. ಆ ಸರ್ಟಿಫಿಕೇಟ್‌ಗೆ ಯಾವ ಅಧಿಕಾರಾನೂ ಇಲ್ಲ. ಪೊಲೀಸರು ರಸ್ತೆ ಮುಚ್ಚಿದ್ರೆ ಸ್ಪಾಟರ್‌ಗೂ ಮುಚ್ಚಿದ ಹಾಗೇ, ಸ್ಪೀಡ್ ಲಿಮಿಟ್ ಎಲ್ಲರಿಗೂ ಒಂದೇ, ಬೇರೆಯವರ ಜಮೀನಿಗೆ ಕೇಳದೆ ಕಾಲಿಡೋ ಹಾಗಿಲ್ಲ. ಸರ್ಟಿಫಿಕೇಟ್‌ಗೆ ಪ್ರತಿಯಾಗಿ ಸಿಗೋದು ರಿಪೋರ್ಟ್ ಕೊಡೋಕೆ ಇರೋ ಒಂದು ನಂಬರು, ಕೆಲವು ಆಫೀಸುಗಳಲ್ಲಿ ಒಂದು ಸ್ಪಾಟರ್ ಐಡಿ, ಅಷ್ಟೇ.